ಬಾವಿಗೆ ಬಿದ್ದ ಹಸು, ಬಾರದ ಕ್ರೇನು

ಮದುವೆಯಾಗಿ ತುಮಕೂರಿಗೆ ಬಂದಾಗ ನನಗೆ ಗೊತ್ತಿದ್ದ ಎತ್ತುವ ಯಂತ್ರವೆಂದರೆ ಬಾವಿಯ ರಾಟೆ ಒಂದೇ. ಗಂಡನ ಮನೆಯವರು ಭಾರ ಎತ್ತುವ ಗಾಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮೊಬೈಲ್ ಇನ್ನೂ ಬಾರದ ತೊಂಬತ್ತರ ದಶಕ. ಗಂಡಸರು ಗಾಡಿಗಳ ಹಿಂದೆ ಹೋದರೆ, ಫೋನು ನನ್ನ ಪಾಲಿಗೆ.

ನಮ್ಮ ಕಡೆಯ ಜನಕ್ಕೆ ಎತ್ತುವುದೆಲ್ಲ ಕ್ರೇನೇ. ಗುಬ್ಬಿಯಿಂದ ಯಾರೋ "ಒಂದ್ ಕ್ರೇನ್ ಕಳ್ಸಿ" ಅನ್ನುತ್ತಿದ್ದರು. ಹಾಗೇ ಕಳಿಸಿದರೆ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ವಿಚಾರಿಸಿದರೆ ಗೋಡೌನಿನಲ್ಲಿ ಮೂಟೆ ಪೇರಿಸಬೇಕಿರುತ್ತಿತ್ತು. ಅದಕ್ಕೆ ಬೇಕಾದದ್ದು ಅಡಿಯಿಂದ ಎರಡು ಕೋಡು ತೂರಿಸಿ ಎತ್ತುವ ಫೋರ್ಕ್‌ಲಿಫ್ಟು. ಆ ಮಹಾರಾಣಿಗೋ ಸಿಮೆಂಟ್ ನೆಲವೇ ಆಗಬೇಕು. ಹೈಡ್ರಾ ಎಂಬ ಚಕ್ರದ ಸಣ್ಣ ಕ್ರೇನು ಹಾಗಲ್ಲ, ಭಾರವನ್ನು ಮೂತಿಗೆ ನೇತುಹಾಕಿಕೊಂಡು ನಡೆದೇ ಹೋಗುತ್ತದೆ. ದೊಡ್ಡ ಕ್ರೇನು ಮುಗಿಲೆತ್ತರಕ್ಕೆ ಎತ್ತುತ್ತದೆ, ಆದರೆ ನಾಲ್ಕು ಕಾಲೂರಿ ನಿಂತರೆ ನಮ್ಮ ಮಾವನವರ ಹಾಗೆ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಭಾರ ಎಷ್ಟು, ಎತ್ತರ ಎಷ್ಟು, ಗಾಡಿ ನಿಲ್ಲುವ ನೆಲ ಗಟ್ಟಿಯೇ ಎಂದು ಕೇಳದೆ ನಾನು ಗಾಡಿ ಕಳಿಸುತ್ತಲೇ ಇರಲಿಲ್ಲ.

ಒಂದು ಬೆಳಿಗ್ಗೆ ನನ್ನ ತವರೂರು ಕೊತ್ತಗೆರೆಯ ಫೋನ್ ಬೂತಿನಿಂದ ಅಪ್ಪ ಕೂಗಿಕೊಂಡರು. "ಗಬ್ಬದ ಹಸ ಬಾವಿಗ್ ಬಿದ್ದೋಗದೆ ಕಣವ್ವ! ನಿಮ್ ದೊಡ್ ಕ್ರೇನ್ ಕಳ್ಸು!"

ಮದುವೆಗೆ ಮುಂಚೆ ನಾನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕರು ಅದು. ಆ ಗಾಬರಿಯಲ್ಲೂ ಬಾಯಿ ಅಭ್ಯಾಸದಂತೆ ಕೇಳಿತು. "ಬಾವಿ ದಡ ಗಟ್ಟಿ ಐತಾ ಅಪ್ಪ?"

"ಎಲ್ಲಿ ಗಟ್ಟಿ? ದಡ ಕುಸ್ದೇ ಹಸ ಬಿದ್ದಿರೋದು!"

ಆ ದಡದಲ್ಲಿ ಕ್ರೇನ್ ನಿಂತರೆ ಅದೂ ಹಸುವಿನ ತಲೆಯ ಮೇಲೆಯೇ ಇಳಿಯುತ್ತಿತ್ತು. ಹೈಡ್ರಾದ ಗತಿಯೂ ಅಷ್ಟೇ. ಕೇಳೋಣವೆಂದರೆ ಗಂಡ ನಿಟ್ಟೂರಿನಲ್ಲಿ. ಮೂರು ಉದ್ದನೆಯ ಕಬ್ಬಿಣದ ಕಂಬ, ಕೈಯಲ್ಲಿ ಎಳೆಯುವ ಚೈನ್ ಪುಲ್ಲಿ, ಅಗಲ ಬೆಲ್ಟುಗಳನ್ನು ಟೆಂಪೋಗೆ ಹಾಕಿಸಿ, ಇಬ್ಬರು ಆಳುಗಳ ಜೊತೆ ನಾನೂ ಹತ್ತಿದೆ. ತಪ್ಪು ಸಾಮಾನು ತಂದೆನೇನೋ ಎಂಬ ಭಯಕ್ಕೆ ಹೆಬ್ಬೂರು ದಾಟುವವರೆಗೂ ಬೆಲ್ಟುಗಳನ್ನು ಎಣಿಸುತ್ತಲೇ ಇದ್ದೆ.

ಬಾವಿಯ ಸುತ್ತ ಅರ್ಧ ಊರು ಕ್ರೇನ್ ನೋಡಲು ನೆರೆದಿತ್ತು. ಟೆಂಪೋ ಕಂಡು ಅಪ್ಪನ ಮುಖ ಹುಳ್ಳಗಾಯಿತು.

"ಕ್ರೇನ್ ಮನೆ ಸೊಸೆ ಆಗಿ ಮೂರ್ ಕಂಬ ತಂದಿದ್ದೀಯಲ್ಲವ್ವ! ಊರೋರ್ ಮುಂದೆ ಮಾನ ಹೋಯ್ತು."

"ಮಾನ ಆಮೇಲ್ ಎತ್ತಣ, ಮೊದ್ಲು ಹಸ ಎತ್ತಣ," ಅಂದೆ ಸಿಟ್ಟಿನಿಂದ.

ಕುಸಿದ ದಡದಿಂದ ಆಚೆ, ಬಾವಿಯ ಸುತ್ತಲಿನ ಗಟ್ಟಿ ನೆಲದಲ್ಲಿ ಹಲಗೆ ಹಾಸಿ, ಮೂರು ಕಂಬಗಳ ಕಾಲೂರಿ, ಬಾವಿಯ ಮೇಲೆ ತಲೆ ಕೂಡಿಸಿ ಪುಲ್ಲಿ ತೂಗುಹಾಕಿದರು. ಒಬ್ಬ ಆಳು ಇಳಿದು, ಹೊಟ್ಟೆ ಅಮುಕದಂತೆ ಮುಂಗಾಲ ಹಿಂದೊಂದು, ಹಿಂಗಾಲ ಮುಂದೊಂದು ಬೆಲ್ಟು ಕಟ್ಟಿದ. ಸರಪಳಿ ಎಳೆದಷ್ಟೂ ಹಸು ಗೇಣುಗೇಣಾಗಿ ಮೇಲೇರಿತು. ಕೈ ಬಿಟ್ಟರೂ ಭಾರ ಜಾರದೆ ಅಲ್ಲೇ ನಿಲ್ಲುವುದೇ ಚೈನ್ ಪುಲ್ಲಿಯ ಗುಣ. "ಇದೇನ್ ಆಮೆ ಓಟ್ವಾ?" ಎಂದು ಯಾರೋ ಗೊಣಗಿದರು.

ಕೊಂಬು ಕಂಡಿತು, ಮುಖ ಕಂಡಿತು, ಕೊನೆಗೆ ಊರವರು ಹಗ್ಗ ಹಾಕಿ ಪಕ್ಕಕ್ಕೆ ಎಳೆದುಕೊಂಡಾಗ ನಾಲ್ಕು ಗೊರಸೂ ಗಟ್ಟಿ ನೆಲಕ್ಕೆ ತಾಗಿದವು. ನಡುಗುತ್ತ ನಿಂತ ಹಸು ನನ್ನ ಕಡೆ ತಿರುಗಿ ಅಂಬಾ ಎಂದದ್ದೇ ತಡ, ನಾನು ಗೊಳೋ ಎಂದು ಅತ್ತುಬಿಟ್ಟೆ.

ಅಪ್ಪ ಹೆಗಲ ಟವೆಲಿನಿಂದ ಹಸುವಿನ ಮುಖದ ಕೆಸರು ಒರೆಸಿದರು. "ನಮ್ಮುಡ್ಗಿ ತಂದ ಕ್ರೇನ್ ನೋಡುದ್ರೇನ್ರಲಾ!" ಎಂದು ಊರವರಿಗೆ ಕೂಗಿ ಹೇಳುತ್ತ, ಅದೇ ಟವೆಲಿನಿಂದ ನನ್ನ ಮುಖವನ್ನೂ ಒರೆಸಿದರು.