ಕದ್ದರಷ್ಟೇ ಚಿಗುರುವ ಬಳ್ಳಿ

ಮನಿ ಪ್ಲಾಂಟಿನ ಬಾಟಲಿಯ ನೀರು ಬದಲಿಸುವಾಗ ಒಂದು ವಾಸನೆ ಬರುತ್ತದೆ. ಅದನ್ನು ಪರಿಮಳ ಎಂದರೆ ನೀವು ನಗುತ್ತೀರಿ, ನಾತ ಎಂದರೆ ನನಗೆ ಬೇಜಾರಾಗುತ್ತದೆ. ತುಸು ಪಾಚಿ, ತುಸು ಬೇರು, ಹಳೆಯ ಬಾವಿಕಟ್ಟೆಯ ಹತ್ತಿರ ಬರುವಂಥದ್ದು. ಇವತ್ತು ಬೆಳಿಗ್ಗೆ ಬಸವನಗುಡಿಯ ನಮ್ಮ ಫ್ಲ್ಯಾಟಿನ ಸಿಂಕಿನ ಮುಂದೆ ನಿಂತು ಅದನ್ನು ಸವಿಯುತ್ತಿದ್ದಾಗ ಕಣ್ಣಿಗೆ ಬಿತ್ತು: ಬಳ್ಳಿಯಲ್ಲಿ ಒಂದು ಎಲೆ ಇಲ್ಲ. ಉದುರಿದ್ದಲ್ಲ, ಕಿತ್ತದ್ದು. ಅದೂ ಅರ್ಧ ಬಿಳಿ ಅರ್ಧ ಹಸಿರು ಇದ್ದ, ಬಂದವರಿಗೆಲ್ಲ ತೋರಿಸಿ ನಾನು ಮೆರೆಯುತ್ತಿದ್ದ ಎಲೆ.

ನಿನ್ನೆ ಬಂದಿದ್ದವಳು ಒಬ್ಬಳೇ, ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಚೈತ್ರ. ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳೇಕೆ ಹೇಳಲಿ, ಈ ಬಳ್ಳಿಯನ್ನು ನಾನು ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡಿದ್ದೇನೆ. ಬಿಸಿಲು ನೇರ ಬಿದ್ದರೆ ಇದರ ಬಿಳಿ ಭಾಗ ಹಪ್ಪಳದಂತೆ ಸುಟ್ಟುಹೋಗುತ್ತದೆ. ಕತ್ತಲಲ್ಲಿಟ್ಟರೆ ಮುನಿಸಿಕೊಂಡು ಎಲೆಯೆಲ್ಲ ಬರೀ ಹಸಿರಾಗಿಬಿಡುತ್ತದೆ. ಹಾಗಾಗಿ ಬೆಳಕು ಸರಿದಂತೆ ನನ್ನ ಕುರ್ಚಿಯ ಜೊತೆ ಬಾಟಲಿಯನ್ನೂ ಸರಿಸುತ್ತೇನೆ. ಎಲೆಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ನನ್ನ ಕನ್ನಡಕಕ್ಕೂ ಆ ಭಾಗ್ಯವಿಲ್ಲ.

ಹೋಗಿ ಕೇಳಿಯೇಬಿಡೋಣ ಎಂದು ಚಪ್ಪಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ನೆನಪಾದಳು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಚಾಮರಾಜಪೇಟೆಯ ಅವಳ ಮನೆಯಲ್ಲಿ, ಟೀವಿ ಪಕ್ಕದ ಗಾಜಿನ ಬಾಟಲಿಯಿಂದ ಹೊರಟ ಬಳ್ಳಿ ಮೊಳೆಗೆ ಕಟ್ಟಿದ ದಾರ ಹಿಡಿದು, ಗಡಿಯಾರ ದಾಟಿ, ದೇವರ ಪಟಗಳ ತಲೆ ಸವರಿ ಕಿಟಕಿಯವರೆಗೆ ಹೋಗಿತ್ತು. ಬಿಳಿ ಪಟ್ಟೆಯ ಮನಿ ಪ್ಲಾಂಟ್ ಆಗ ಅಪರೂಪ. ಬಂದ ಹೆಂಗಸರೆಲ್ಲ ಅದನ್ನೇ ನೋಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಕೇಳಬಾರದು. ಕೇಳಿ ಪಡೆದದ್ದು ಬದುಕುವುದಿಲ್ಲ, ಕೊಟ್ಟರೆ ಕೊಟ್ಟವರ ಮನೆಯ ಲಕ್ಷ್ಮಿ ಜೊತೆಗೇ ಹೊರಟುಬಿಡುತ್ತಾಳೆ. ಕದ್ದರೆ ಮಾತ್ರ ಇಬ್ಬರಿಗೂ ಕ್ಷೇಮ. ಈ ಶಾಸ್ತ್ರ ಮಾಡಿದವನು ಯಾರೋ ಗೊತ್ತಿಲ್ಲ, ಅವನ ಮನೆಯಲ್ಲಿ ಗಿಡ ಇರಲಿಲ್ಲ ಎಂಬುದು ಮಾತ್ರ ಖಚಿತ.

ದೊಡ್ಡಮ್ಮ ಇದಕ್ಕೊಂದು ಪದ್ಧತಿ ಮಾಡಿಕೊಂಡಿದ್ದಳು. ಬಂದವರ ಕಣ್ಣು ಮತ್ತೆ ಮತ್ತೆ ಬಳ್ಳಿಯ ಕಡೆ ಹೋಗುತ್ತಿದೆ ಎಂದರೆ, ಕತ್ತರಿಯನ್ನು ಟೀವಿಯ ಮೇಲೆ "ಮರೆತು", "ಕೂತಿರಿ, ಕಾಫಿ ತರ್ತೀನಿ" ಎಂದು ಅಡುಗೆಮನೆಗೆ ಹೋಗುವಳು. ಒಳಗೆ ಪಾತ್ರೆಗಳನ್ನು ಧಡಬಡ ಬಡಿಯುವಳು. ಹೊರಗಿನ ಕತ್ತರಿಯ ಸದ್ದು ತನ್ನ ಕಿವಿಗೆ ಬೀಳಬಾರದಲ್ಲ. "ಕದಿಯೋರ್ಗೂ ಒಂದು ಮರ್ಯಾದೆ ಬೇಡ್ವೇನೇ?" ಎನ್ನುತ್ತಿದ್ದಳು ನನಗೆ. ಮಲ್ಲೇಶ್ವರದ ನಮ್ಮ ಮನೆಗೆ ಬಳ್ಳಿ ಬಂದದ್ದೂ ಹಾಗೆಯೇ. ಸ್ವಂತ ತಂಗಿಯಾದರೂ ಅಮ್ಮ ಅದನ್ನು ಕದ್ದೇ ತಂದಿದ್ದಳು.

ದೊಡ್ಡಪ್ಪನಿಗೆ ಮಾತ್ರ ಈ ವ್ಯವಹಾರ ಸೇರುತ್ತಿರಲಿಲ್ಲ. ಅವರು ಹರಿಶ್ಚಂದ್ರನ ವಂಶ. ನಮ್ಮ ಬೀದಿಗಳಲ್ಲಿ ಬೆಳಗಿನ ವಾಕಿಂಗ್ ಹೋಗುವವರು ಕಂಡವರ ಕಾಂಪೌಂಡಿನಿಂದ ದಾಸವಾಳ, ಪಾರಿಜಾತ ಕಿತ್ತು ಕವರಿಗೆ ತುಂಬಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಯಾರು ಕಂಡರು, ನೀವೇ ಕಿತ್ತಿರಲೂಬಹುದು. ದೊಡ್ಡಪ್ಪ ಅಂಥವರನ್ನು ನಡುರಸ್ತೆಯಲ್ಲಿ ನಿಲ್ಲಿಸಿ, "ಏನ್ಸಾರ್, ಆ ಮನೆಯವರ ದೇವರಿಗೆ ಹೂವು ಬೇಡ್ವಾ?" ಎಂದು ಕೇಳಿಬಿಡುವವರು. ಅವರ ಜೊತೆ ವಾಕಿಂಗಿಗೆ ಯಾರೂ ಹೋಗುತ್ತಿರಲಿಲ್ಲ.

ಒಮ್ಮೆ ದೊಡ್ಡಮ್ಮ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋದಳು. "ಬರೀ ನೀರು ಬದ್ಲಾಯ್ಸಿ ಸಾಕು, ಇನ್ನೇನೂ ಮಾಡ್ಬೇಡಿ" ಎಂದು ಗಂಡನಿಗೆ ಹೇಳಿಯೇ ಹೋಗಿದ್ದಳು. ಆದರೆ ಒಬ್ಬರೇ ಅನ್ನ ಬೇಯಿಸಿಕೊಂಡು ಉಣ್ಣುವ ದೊಡ್ಡಪ್ಪನಿಗೆ ಬಳ್ಳಿಯನ್ನು ನೋಡಿ ಕನಿಕರ ಬಂತು. ತಾನು ಸಾರು ಅನ್ನ ತಿನ್ನುವುದು, ಇದು ಬರೀ ನೀರು ಕುಡಿಯುವುದು! ದಿನವೂ ಅಕ್ಕಿ ತೊಳೆದ ನೀರನ್ನು ಬಾಟಲಿಗೆ ಸುರಿದರು. ಮಣ್ಣಿನ ಕುಂಡಕ್ಕಾದರೆ ಅದು ಅಮೃತ. ಬಾಟಲಿಯಲ್ಲಿ ನಿಂತು ಹುಳಿಬಂತು, ಬೇರು ಕೊಳೆಯಿತು, ಎಲೆ ಬಾಡಿತು. ಬಳ್ಳಿಗೆ ನಿಶ್ಶಕ್ತಿ ಎಂದುಕೊಂಡು ಅವರು ಇನ್ನಷ್ಟು ಸುರಿದರು. ಕೊನೆಗೆ ಅದು ಗಡಿಯಾರದ ಮೇಲೆಯೇ ಕಪ್ಪಾಗಿ ಜೋತುಬಿತ್ತು.

ಮೈಸೂರಿನಿಂದ ಬಂದ ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ದೊಡ್ಡಪ್ಪ ಬದುಕಿಕೊಳ್ಳುತ್ತಿದ್ದರು. "ನರ್ಸರಿಯಿಂದ ತಂದ್ಕೊಡ್ತೀನಿ ಕಣೇ" ಎಂದರೆ, "ಬೇಡಿ ಬಿಡಿ, ಕೊಂಡಿದ್ದು ನಮ್ಮನೇದಾಗಲ್ಲ" ಎಂದಳಷ್ಟೇ. ಗೋಡೆಯ ದಾರವನ್ನೂ ಬಿಚ್ಚಲಿಲ್ಲ. ದೊಡ್ಡಪ್ಪ ಅಂದಿನಿಂದ ಆ ಗೋಡೆಗೆ ಬೆನ್ನು ಮಾಡಿಯೇ ಊಟಕ್ಕೆ ಕೂರುತ್ತಿದ್ದರು.

ಸುದ್ದಿ ತಿಳಿದ ಅಮ್ಮ ಇಬ್ಬರನ್ನೂ ಮಲ್ಲೇಶ್ವರಕ್ಕೆ ಊಟಕ್ಕೆ ಕರೆದಳು. ನಮ್ಮ ಮನೆಯಲ್ಲಿದ್ದದ್ದು ಅದೇ ಬಳ್ಳಿಯ ಮಗಳು. ಆದರೆ ಅಮ್ಮ ಕೊಡುವಂತಿಲ್ಲ, ದೊಡ್ಡಮ್ಮ ಕೇಳುವಂತಿಲ್ಲ. ಊಟವಾದ ಮೇಲೆ ದೊಡ್ಡಪ್ಪ ಪೇಪರ್ ಹಿಡಿದು ವರಾಂಡಕ್ಕೆ ಹೋದರು. ಅಮ್ಮ ದೊಡ್ಡಮ್ಮನ ಮುಂದೆ ಕತ್ತರಿಯನ್ನು ಮರೆತು, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ತಟ್ಟೆಯೊಂದನ್ನು ಬೇಕೆಂದೇ ಬೀಳಿಸಿದಳು. ಬಹಳ ಹೊತ್ತು ಬಿಟ್ಟು ಹೊರಗೆ ಬಂದರೆ, ದೊಡ್ಡಮ್ಮ ಕತ್ತರಿ ಹಿಡಿದು ಕೂತಲ್ಲೇ ಕೂತಿದ್ದಾಳೆ. ಕಣ್ಣಲ್ಲಿ ನೀರು.

"ಆಗಲ್ಲ ಕಣೇ. ಎಲ್ರಿಗೂ ಕದಿಯೋಕ್ ಬಿಟ್ಟೆ. ನಂಗೆ ಕದಿಯೋಕ್ ಕೈ ಬರ್ತಿಲ್ಲ."

ಆಗ ದೊಡ್ಡಪ್ಪ ವರಾಂಡದಿಂದಲೇ, "ಹೊರಡೋಣ ಕಣೇ, ಮಳೆ ಬರೋ ಹಾಗಿದೆ" ಎಂದು ಕೂಗಿದರು. ಹೊರಗೆ ರಣಬಿಸಿಲು. ನಮ್ಮ ಬಳ್ಳಿಯ ತುದಿ ಕಿಟಕಿಯ ಸರಳು ದಾಟಿ ವರಾಂಡಕ್ಕೂ ಇಳಿದಿತ್ತೆಂಬುದು ನಮಗೆ ನೆನಪಾದದ್ದು ಆಮೇಲೆ. ಹರಿಶ್ಚಂದ್ರ ಕಂಕುಳಲ್ಲಿ ಛತ್ರಿ ಅವುಚಿಕೊಂಡು, ಯಾರ ಮುಖವನ್ನೂ ನೋಡದೆ, ಬೆವರುತ್ತಾ ನಿಂತಿದ್ದರು. ಛತ್ರಿಯ ಮಡಿಕೆಯಿಂದ ಬಿಳಿ ಪಟ್ಟೆಯ ಎಲೆಯೊಂದು ಇಣುಕುತ್ತಿತ್ತು.

ದೊಡ್ಡಮ್ಮ ನೋಡಿದಳು. ಕಣ್ಣೊರೆಸಿಕೊಂಡಳು. ಆ ಎಲೆಯನ್ನು ಬೆರಳಿನಿಂದ ಮೆಲ್ಲಗೆ ಛತ್ರಿಯೊಳಕ್ಕೆ ತಳ್ಳಿ, ಅಮ್ಮನಿಗೆ ಹೇಳಿದಳು: "ಬಾಗ್ಲು ಭದ್ರ ಕಣೇ. ಈ ಕಡೆ ಕಳ್ಳರು ಜಾಸ್ತಿ."

ಆ ಬಳ್ಳಿ ಮತ್ತೆ ಚಾಮರಾಜಪೇಟೆಯ ಗಡಿಯಾರ ಹತ್ತಿತು. ಅದರಿಂದಲೇ ನಾನು ಕದ್ದು ತಂದದ್ದು ಇದು. ಈಗ ಅವರಿಬ್ಬರೂ ಇಲ್ಲ. ನೀರು ಬದಲಿಸುವಾಗಲೆಲ್ಲ ಅವರ ಮನೆಯೊಳಗೆ ಹೋಗಿಬಂದಂತಾಗುತ್ತದೆ, ಅದಕ್ಕೇ ಆ ವಾಸನೆಯ ಮೇಲೆ ನನಗಿಷ್ಟು ಮೋಹ.

ಚಪ್ಪಲಿ ಬಿಟ್ಟು ಬಳ್ಳಿಯ ಹತ್ತಿರ ಬಂದು ಸರಿಯಾಗಿ ನೋಡಿದೆ. ಚೈತ್ರ ಕಿತ್ತದ್ದು ಬರೀ ಎಲೆ, ತೊಟ್ಟಿನ ಸಮೇತ. ಬಳ್ಳಿಯ ಗೆಣ್ಣು ಇಲ್ಲೇ ಉಳಿದಿದೆ. ಗೆಣ್ಣಿಲ್ಲದ ಎಲೆಯನ್ನು ನೀರಿಗೆ ಹಾಕಿದರೆ ಬಹಳ ದಿನ ಹಸಿರಾಗಿರುತ್ತದೆ, ಆದರೆ ಎಂದೂ ಚಿಗುರುವುದಿಲ್ಲ. ಆ ಹುಡುಗಿ ದಿನವೂ ಲೋಟದ ಮುಂದೆ ಕಾಯುತ್ತಾ ಕೂರುತ್ತಾಳೆ, ಪಾಪ. ತಪ್ಪು ನನ್ನದೇ. ಹೆಪ್ಪು ತರಲು ನಾನು ಒಳಗೆ ಹೋದದ್ದು ಅರೆಗಳಿಗೆ. ಅಷ್ಟರಲ್ಲಿ ಯಾರು ತಾನೇ ನೆಟ್ಟಗೆ ಕದ್ದಾರು?

ಸಂಜೆ ಅವಳನ್ನು ಕಾಫಿಗೆ ಕರೆದೆ. ಫ್ಯಾನು ನೋಡುತ್ತಾ, "ಈ ಬಳ್ಳಿ ನೋಡು, ಬರೀ ಎಲೆ ಹಾಕಿದ್ರೆ ಬರಲ್ಲ. ಗೆಣ್ಣಿನ ಕೆಳಗಡೆ ಕತ್ತರಿಸ್ಬೇಕು" ಎಂದೆ. ಅವಳ ಮುಖ ಕೆಂಪಾಯಿತು. ಈಗಿನ ಟೀವಿಗಳ ಮೇಲೆ ಕತ್ತರಿ ನಿಲ್ಲುವುದಿಲ್ಲವಾದ್ದರಿಂದ ಅದನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಮರೆತು ಒಳಗೆ ಹೋದೆ. ಇದ್ದಬದ್ದ ಪಾತ್ರೆಗಳನ್ನೆಲ್ಲ ಬಡಿದೆ. ಕುಕ್ಕರಿನ ಮುಚ್ಚಳ ಬೀಳಿಸಿದೆ.

ಕಾಫಿ ತರುವಷ್ಟರಲ್ಲಿ ಅವಳು ದುಪಟ್ಟಾವನ್ನು ಎದೆಗವಚಿಕೊಂಡು ಬಾಗಿಲಲ್ಲಿದ್ದಳು. "ಆಂಟಿ, ಒಲೆ ಮೇಲೆ ಹಾಲಿಟ್ಟಿದೀನಿ, ಬರ್ತೀನಿ."

"ಹೋಗ್ಬಾಮ್ಮ. ಚೈತ್ರಾ, ಅಕ್ಕಿ ತೊಳ್ದಿದ್ ನೀರು ಮಾತ್ರ ಹಾಕ್ಬೇಡ."

"ಯಾವ್ದಕ್ಕೆ ಆಂಟಿ?"

"ಯಾವ್ದಕ್ಕೂ ಇಲ್ಲ. ಸುಮ್ನೆ ಹೇಳ್ದೆ."