ಹುಳದ ಮನೆಯ ಪಾಠ

ಕೋಲಾರದ ಆಸ್ಪತ್ರೆಯಲ್ಲಿ ನರ್ಸ್ ಶಾಮಲಮ್ಮ ಬಂದರೆಂದರೆ ಆಯಾಗಳಷ್ಟೇ ಅಲ್ಲ, ಡಾಕ್ಟರುಗಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಾಲೂರಿನ ಹೆಂಗಸು, ಬಾಯಿ ಅಂದರೆ ಬಾಯಿ. ಕೈ ತೊಳೆಯದೆ ಮಗುವಿನ ಹಾಸಿಗೆ ಮುಟ್ಟಿದವರು ಯಾರೇ ಆಗಲಿ, "ಏನ್ರೀ, ಕೈಯೋ ಕಾಲೋ ಅದು?" ಎಂದು ಅಲ್ಲೇ ನೀರಿಳಿಸುತ್ತಿದ್ದರು. ಹೊಗಳಿದರೆ ಮಾತ್ರ ಉಬ್ಬಿಹೋಗುತ್ತಿದ್ದರು. ಆ ಚಪಲ ಯಾರಿಗಿಲ್ಲ ಬಿಡಿ.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದ ಮಕ್ಕಳ ಡಾಕ್ಟರು ಅವರಿಗೊಂದು ಹೊಸ ಕೆಲಸ ಹೊರಿಸಿದರು. ಕಿಡ್ನಿ ಪೂರ್ತಿ ಕೆಟ್ಟ ಮಗುವಿನ ಹೊಟ್ಟೆಗೆ ಸಣ್ಣ ಕೊಳವೆ ಇಟ್ಟು, ದಿನಕ್ಕೆ ನಾಲ್ಕು ಸಲ ಔಷಧದ ನೀರು ಬಿಟ್ಟು, ಕೆಲ ಗಂಟೆ ಕಾದು, ರಕ್ತದ ಕೊಳೆಯೊಂದಿಗೆ ಹೊರಕ್ಕೆ ಇಳಿಸುವುದು. ಆಸ್ಪತ್ರೆಯಲ್ಲಲ್ಲ, ಮನೆಯಲ್ಲೇ, ಮಾಡುವವರು ತಾಯಿ ತಂದೆ. ಅವರಿಗೆ ಕಲಿಸಬೇಕಾದವರು ಶಾಮಲಮ್ಮ. ಹಳ್ಳಿಯ ಮನೆಗಳಲ್ಲಿ ಇದಾಗುವ ಮಾತೇ ಎಂದು ಎಲ್ಲರೂ ಮೂಗು ಮುರಿದರು.

ಮೊದಲು ಬಂದವಳು ಸುಗಟೂರಿನ ವೆಂಕಟರತ್ನಮ್ಮ. ಎಂಟು ವರ್ಷದ ಒಬ್ಬಳೇ ಮಗಳು ಗಂಗರತ್ನಳ ಮುಖ ಊದಿಕೊಂಡು ಕಣ್ಣೇ ಕಾಣುತ್ತಿರಲಿಲ್ಲ. ಹತ್ತು ದಿನ ಹೇಳಿಕೊಟ್ಟರೂ ತಾಯಿಗೆ ಕೆಲಸ ಕೈಗೆ ಹತ್ತಲಿಲ್ಲ. ಕೊಳವೆಯ ಬಾಯಿ ಎಲ್ಲಿಗಾದರೂ ತಾಗಿಸುವಳು, ಶಾಮಲಮ್ಮ ಬೈದರೆ ಅಳುವಳು. ಹನ್ನೊಂದನೆಯ ದಿನ ಶಾಮಲಮ್ಮನಿಗೆ ತಲೆ ಕೆಟ್ಟುಹೋಯಿತು.

"ಮನೇಲಿ ಏನ್ ಕೆಲ್ಸ ಮಾಡ್ತೀಯೇ ನೀನು?"

"ರೇಷ್ಮೆ ಹುಳ ಸಾಕ್ತೀವಮ್ಮ."

"ಹುಳದ್ ಮನೆಗೆ ಸಿಕ್‌ಸಿಕ್ಕೋರ್ನ ಬಿಡ್ತೀಯಾ?"

"ಅಯ್ಯೋ, ಎಲ್ಲಾದ್ರೂ ಉಂಟಾ! ಕೈಕಾಲು ತೊಳ್ದು, ಸೀರೆ ಬದಲಾಯ್ಸಿ ನಾನೊಬ್ಳೇ ಹೋಗೋದು. ಒಗ್ಗರಣೆ ಹೊಗೆ ಕೂಡ ಬಿಡಲ್ಲ."

"ಹಂಗಂದ್ಮೇಲೆ ಇದ್ಯಾತಕ್ಕೆ ಅಳ್ತೀಯ? ನಿನ್ ಮಗಳ ಕೋಣೇನೂ ಹುಳದ್ ಮನೆ ಅಂದ್ಕೋ. ಅಲ್ಲಿ ಹೆಂಗಿರ್ತೀಯೋ ಇಲ್ಲೂ ಹಂಗೇ ಇರು. ಮುಗೀತು."

ಆ ಕ್ಷಣದಿಂದ ವೆಂಕಟರತ್ನಮ್ಮ ಬೇರೆಯೇ ಹೆಂಗಸಾದಳು. ಮೊಣಕೈವರೆಗೆ ಸೋಪು, ಮೂಗು ಬಾಯಿಗೆ ಬಟ್ಟೆ, ಬೆರಳು ಒಂದಿಷ್ಟೂ ತಪ್ಪದು. ಹೊರಬಂದ ನೀರಿನ ಚೀಲವನ್ನು ಕ್ಯಾಲೆಂಡರಿನ ಮುಂದೆ ಹಿಡಿದು, ಹಿಂದಿನ ಅಂಕಿ ಕಾಣುತ್ತದೆಯೇ ಎಂದು ನೋಡುವುದನ್ನೂ ಕಲಿತಳು. ಅಂಕಿ ಮಸುಕಾದರೆ ಹೊಟ್ಟೆಯೊಳಗೆ ಕೀವಾಗಿದೆ ಎಂದರ್ಥ. ಅವತ್ತೇ ಬಸ್ಸು ಹತ್ತಬೇಕು. ಇದನ್ನು ಶಾಮಲಮ್ಮ ನೂರು ಸಲ ಹೇಳಿದ್ದರು. ತಾಯಿಯೂ ನೂರು ಸಲ ತಲೆಯಾಡಿಸಿದ್ದಳು.

ಐದು ತಿಂಗಳಲ್ಲಿ ಗಂಗರತ್ನಳ ಮುಖದ ಊತ ಇಳಿದು ಮೊದಲಿನ ಹುಡುಗಿ ಹೊರಬಂದಳು. ಶಾಲೆಗೆ ಹೋಗುತ್ತೇನೆಂದು ಹಟ ಹಿಡಿಯುವಷ್ಟಾದಳು. ಡಾಕ್ಟರು ಎಲ್ಲರ ಮುಂದೆ, "ಶಾಮಲಮ್ಮನವರ ತಲೆಯೇ ತಲೆ" ಎಂದರು. ಅಷ್ಟು ಸಾಕಲ್ಲ! ಹುಳದ ಮನೆಯ ಮಾತನ್ನು ಅವರು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಆರನೆಯ ತಿಂಗಳು, ಒಂದು ಬುಧವಾರ, ಅವರು ಸುಗಟೂರಿಗೆ ಹೋದಾಗ ವೆಂಕಟರತ್ನಮ್ಮ ಬಾಗಿಲಲ್ಲೇ ನಿಂತಿದ್ದಳು.

"ಹೆಂಗವ್ಳೆ ಮಗು?"

"ನಡೀತಾ ಐತಮ್ಮ."

"ಜ್ವರ ಗಿರ ಇಲ್ವಲ್ಲ?"

"ನಡೀತಾ ಐತೆ."

ಒಳಗೆ ಹೋಗಿ ನೋಡಬೇಕಿತ್ತು. ಹೋಗಲಿಲ್ಲ. ಬಸ್ಸಿನ ಧೂಳು ಮೈಮೇಲಿದೆ, ಹೊರಗಿನವರನ್ನು ಬಿಡಬೇಡ ಎಂದವಳು ನಾನೇ, ಆ ಕಟ್ಟಳೆಯನ್ನು ನಾನೇ ಮುರಿಯುವುದೇ ಎಂದುಕೊಂಡರು. ಬಾಗಿಲು ಕಾಯುತ್ತಿದ್ದ ತಾಯಿಯನ್ನು ಕಂಡು ಅವರಿಗೆ ಹೆಮ್ಮೆಯೇ ಆಯಿತು. "ಭೇಷ್ ಕಣೇ" ಎಂದು ಬೆನ್ನು ತಟ್ಟಿ, ಅದೇ ಬಸ್ಸಿಗೆ ತಿರುಗಿ ಬಂದರು.

ಶನಿವಾರ ಬೆಳಿಗ್ಗೆ ವೆಂಕಟರತ್ನಮ್ಮನ ಗಂಡ ಅಶ್ವತ್ಥಪ್ಪ ಮಗಳನ್ನು ಕಂಬಳಿಯಲ್ಲಿ ಸುತ್ತಿ ಆಸ್ಪತ್ರೆಗೆ ಹೊತ್ತು ತಂದ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಚೀಲದ ನೀರು ಗಂಜಿಯಂತಿತ್ತು. ಮಂಗಳವಾರದಿಂದಲೇ ಹಾಗೆ ಬರುತ್ತಿತ್ತಂತೆ. ಬೆಂಗಳೂರಿಗೆ ಕರೆದೊಯ್ದರು, ಮೂರನೆಯ ದಿನ ಮಗು ಹೋಯಿತು.

ಬೈದುಬಿಡಬೇಕೆಂದೇ ಶಾಮಲಮ್ಮ ಸುಗಟೂರಿಗೆ ಹೋದರು. ಬೈಗುಳ ನಾಲಗೆಯ ತುದಿಯಲ್ಲಿತ್ತು. ವೆಂಕಟರತ್ನಮ್ಮ ಗೋಡೆಗೊರಗಿ ಕೂತಿದ್ದವಳು ತಾನಾಗಿಯೇ ಹೇಳಿದಳು.

"ನೀವು ಹೇಳ್ದಂಗೇ ಇದ್ದೆನಮ್ಮ. ಹುಳಕ್ಕೆ ರೋಗ ಬಂದ್ರೆ ನಾವು ಬಾಯ್ ಬಿಡಲ್ಲ. ಆಡ್ಬಿಟ್ರೆ ಉಳ್ದಿದ್ದೂ ಹೋಗ್ತೈತೆ ಅಂತ ನಮ್ಮತ್ತೆ ಹೇಳೋರು. ಬೇರೆ ಮಾಡಿ, ಶುದ್ಧ ಮಾಡಿ, ಸುಮ್ಕಿದ್ರೆ ಎಷ್ಟೋ ಸಲ ಹುಳ ಚೇತರಿಸ್ಕೊಂಡೈತೆ. ಇದೂ ಹಂಗೇ ಸರಿಹೋಗ್ತೈತೆ ಅಂದ್ಕೊಂಡೆ. ಕೋಣೆ ದಿನಾ ಎರಡು ಸಲ ತೊಳ್ದೆ. ಯಾರ್ ಹತ್ರಾನೂ ಆಡ್ಲಿಲ್ಲ. ನಿಮ್ ಹತ್ರಾನೂ ಆಡ್ಲಿಲ್ಲ."

ಅವಳು ಕೊಟ್ಟ ನೀರನ್ನು ಶಾಮಲಮ್ಮ ಕುಡಿದರು, ಲೋಟ ಕೆಳಗಿಟ್ಟರು, ಬರ್ತೀನಿ ಎಂದರು. ಕೋಲಾರದಲ್ಲಿ ಇಳಿದು ಒಂದು ಕಿಲೋ ಟೊಮೆಟೊ ಕೊಂಡರು. ಸಾರು ಮಾಡಿ ಉಂಡರು, ಪಾತ್ರೆ ಬೆಳಗಿದರು. ಅಳು ಬರಬಹುದೆಂದು ಕಾದರು, ಬರಲಿಲ್ಲ. ಮರುದಿನ ಡ್ಯೂಟಿಗೆ ಹೋದರು. ಎದೆಯೊಳಗೆ ಏನೂ ಇರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದ ದವಡೆ ಇರುತ್ತದಲ್ಲ, ಹಾಗೆ. ಆಮೇಲೆ ನೋವು ಬಂದೀತು ಎಂದು ಅವರೂ ಅಂದುಕೊಂಡರು. ತಿಂಗಳು ಕಳೆಯಿತು, ವರ್ಷ ಕಳೆಯಿತು. ಬಾಯಿ ಜೋರು ಎಲ್ಲಿ ಹೋಯಿತೋ ಶಿವನೇ ಬಲ್ಲ. ಆಯಾಗಳು ಈಗ ಅವರ ಎದುರೇ ನಗುತ್ತಾ ಹರಟುತ್ತಿದ್ದರು. ಕೈ ತೊಳೆಯದವರನ್ನು ಕಂಡರೆ ಶಾಮಲಮ್ಮ ಸುಮ್ಮನೆ ಸೋಪು ಮುಂದೆ ಹಿಡಿಯುತ್ತಿದ್ದರು, ಅಷ್ಟೇ.

ಎಂಬತ್ತೊಂಬತ್ತರಲ್ಲಿ ಮುಳಬಾಗಿಲು ಕಡೆಯ ತಾಯಲೂರಿನ ಇನ್ನೊಂದು ಮಗುವಿನ ಹೊಟ್ಟೆಗೆ ಕೊಳವೆ ಇಟ್ಟಿದ್ದರು. ತಾಯಿ ಆಂಜಿನಮ್ಮನಿಗೆ ಕೋಲಾರದಲ್ಲೇ ಎರಡು ವಾರ ಕಲಿಸಿದ ಶಾಮಲಮ್ಮ, ಕೊನೆಯ ಪಾಠಕ್ಕೆ ಅವರ ಮನೆಗೇ ಹೋದರು. ಆಂಜಿನಮ್ಮ ಕೈ ತೊಳೆದಳು, ನೀರು ಇಳಿಸಿದಳು, ಚೀಲ ಹಿಡಿದು ನೋಡಿದಳು. ಎಲ್ಲ ಸರಿಯಾಗಿತ್ತು.

"ಈಗ ಹೊಸ್ತಿಲ ಮೇಲೆ ನಿಂತ್ಕೊ," ಎಂದರು ಶಾಮಲಮ್ಮ. "'ನಮ್ ಮಗೀನ ನೀರು ಕೆಟ್ಟೋಗೈತೆ' ಅಂತ ಬೀದಿಗೆಲ್ಲ ಕೇಳಂಗೆ ಕೂಗು."

ಅತ್ತೆ ದೊಡ್ಡಗಂಗಮ್ಮ ಹೌಹಾರಿದಳು. "ವದ್ದಮ್ಮಾ ವದ್ದು, ಬ್ಯಾಡ! ಚೆನ್ನಾಗಿರೋ ಮಗೀಗೆ ಮನೆ ಬಾಗ್ಲಲ್ಲಿ ನಿಂತು ಅಂಥ ಮಾತಾಡಿಸ್ತೀಯಾ? ನೀನೇನ್ ನರ್ಸಮ್ಮನಾ, ಶನಿನಾ?"

ಆಂಜಿನಮ್ಮ ಹೊಸ್ತಿಲ ಮೇಲೆ ನಿಂತು ಒಮ್ಮೆ ಅತ್ತೆಯ ಮುಖ, ಒಮ್ಮೆ ಇವರ ಮುಖ ನೋಡಿದಳು. "ಯಾಕಮ್ಮ ಇದು? ಬಸ್ ಹತ್ತಿ ಬರ್ತೀನಲ್ಲ, ಸಾಲ್ದಾ?"

ಶಾಮಲಮ್ಮನಿಗೆ ಸಿಟ್ಟೂ ಬರಲಿಲ್ಲ, ದುಃಖವೂ ಬರಲಿಲ್ಲ. ಎರಡು ವರ್ಷ ಯಾರ ಬಳಿಯೂ ಆಡದ ಮಾತು, ಬಸ್ಸಿನ ವೇಳೆ ಹೇಳುವಷ್ಟು ಸಪ್ಪೆಯಾಗಿ ಹೊರಬಂತು.

"ಸುಗಟೂರಲ್ಲಿ ಒಂದು ಹುಡುಗಿ ಸತ್ತೋದ್ಲು. ಎಂಟು ವರ್ಷ. ತಾಯಿ ಯಾರಿಗೂ ಹೇಳ್ದೆ ಸುಮ್ಕಿದ್ಲು. ಸುಮ್ಕಿರೋ ಪಾಠ ಹೇಳ್ಕೊಟ್ಟೋಳು ನಾನು."

ದೊಡ್ಡಗಂಗಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಆಂಜಿನಮ್ಮ ಬೀದಿಯ ಕಡೆ ತಿರುಗಿ, ನಾಚಿಕೊಂಡು, ಮೆಲ್ಲಗೆ ಒಮ್ಮೆ ಹೇಳಿದಳು.

"ಕೇಳಿಸ್ಲಿಲ್ಲ ನಂಗೆ," ಎಂದರು ಶಾಮಲಮ್ಮ. "ಇನ್ನೊಂದ್ಸಲ ಕೂಗು."