ಉರಿ ಎಂದು ನಾನು ಬರೆದದ್ದು

...ಇಲ್ಲ, ಲವಂಗದ ಎಣ್ಣೆಯ ವಾಸನೆ ದೇವಸ್ಥಾನದ ಆ ದಿನದ್ದಲ್ಲವೇನೋ. ಕಳೆದ ವಾರ, ಈಗ ನಾನಿರುವ ಏಪೆಕ್ಸ್‌ನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದಾಗ ಅದು ಮೂಗಿಗೆ ಬಡಿಯಿತು, ಹಿಂದೆ ಮಾರಿಸ್‌ವಿಲ್‌ನಲ್ಲಿ ಪಕ್ಕದ ಮನೆಯಲ್ಲಿದ್ದ ಅಂಕಲ್ ಎದುರಿಗೇ ಬಂದು ನಿಂತಂತಾಯಿತು. ಆದರೆ ನನ್ನ ತಲೆಯನ್ನು ನಾನು ನಂಬುವುದಿಲ್ಲ. ಹಲ್ಲುನೋವು, ದೇವಸ್ಥಾನದ ಹಾಲ್, ಅವರ ಲ್ಯಾಬು, ಮೂರನ್ನೂ ಅದು ಒಂದೇ ತಿಂಗಳಿಗೆ ತುರುಕಿಟ್ಟಿದೆ. 2004 ಇರಬೇಕು. ಅಥವಾ ಅದರ ಮರುವರ್ಷ...

ನಮ್ಮ ಟೌನ್‌ಹೌಸಿಗೂ ಅವರದಕ್ಕೂ ನಡುವೆ ಒಂದೇ ಗೋಡೆ. ಮಂಗಳೂರಿನ ಕ್ಯಾಥೊಲಿಕ್ ಮನೆತನದವರು, ನಾನು ಹುಟ್ಟಿದ ಆಸುಪಾಸಿನಲ್ಲೇ ಅಮೆರಿಕಕ್ಕೆ ಬಂದ ವಿಜ್ಞಾನಿ. ಗಾಯವಾದ ಕಡೆ ಚರ್ಮ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅಂಥ ಸಣ್ಣ ಕಾವು ಮೈಯೊಳಗೆ ವರ್ಷಗಟ್ಟಲೆ ಉಳಿದರೆ ಹೃದಯದ ರಕ್ತನಾಳಗಳಿಗೆ ಕೇಡು. ಆ ಕಾವಿನ ಗುರುತನ್ನು ರಕ್ತದಲ್ಲಿ ಹುಡುಕುವುದು ಅವರ ಕೆಲಸ.

ದೇವಸ್ಥಾನದಲ್ಲಿ ಹೆಲ್ತ್ ಕ್ಯಾಂಪ್ ಎಂದಾಗ ಕನ್ನಡದ ನೋಟೀಸು ಬರೆಯಲು ಅಂಕಲ್ ನನಗೆ ಹೇಳಿದರು. ಆ ಕಾವಿಗಿರುವ ಉರಿಯೂತ ಎಂಬ ಪದ ಯಾರ ಬಾಯಲ್ಲೂ ಇಲ್ಲ ಎಂದು ವಾದಿಸಿ, ‘ಒಳಗಿನ ಉರಿಯಿಂದ ಎದೆಗೆ ಅಪಾಯ, ಬಂದು ಪರೀಕ್ಷಿಸಿಕೊಳ್ಳಿ’ ಎಂದು ಬರೆದೆ. ಬಹಳ ಚೆನ್ನಾಗಿದೆ ಅಂದುಕೊಂಡಿದ್ದೆ. ಊರಿನ ಅಸಿಡಿಟಿಯೆಲ್ಲ ಕ್ಯೂ ನಿಂತಿತು.

“ಉಪ್ಪಿನಕಾಯಿ ಬಿಟ್ರೂ ಉರಿ ಹೋಗ್ತಿಲ್ಲ ಡಾಕ್ಟ್ರೇ,” ಎಂದರು ಒಬ್ಬ ಆಂಟಿ. ಹಿಂದೆ ನಿಂತಿದ್ದವರು ಬಿಡಲಿಲ್ಲ. “ನಮ್ಮನೆಯವ್ರಿಗೆ ಪಕ್ಕದ್ಮನೆ ಹೊಸ ಕಾರ್ ನೋಡಿದ್ರೆ ಹೊಟ್ಟೆಉರಿ. ಅದಕ್ಕೂ ಟೆಸ್ಟ್ ಇದ್ಯಾ?”

“ಅದು ಕ್ರಾನಿಕ್ ಅಮ್ಮ. ಮದ್ದಿಲ್ಲ,” ಎಂದರು ಅಂಕಲ್, ನಗದೆ.

ನನ್ನ ಮೇಲೆ ರೇಗಲಿಲ್ಲ. ಬಂದ ಒಬ್ಬೊಬ್ಬರಿಗೂ ಎದೆಯುರಿ ಬೇರೆ, ಈ ಉರಿ ಬೇರೆ ಎಂದು ಬಿಡಿಸಿ ಹೇಳಿದರು. ಕೊನೆಗೆ ಕುರ್ಚಿ ಮಡಿಸುವಾಗ ನನ್ನತ್ತ ತಿರುಗಿದರು.

“ನೀನು ಯಾಕೆ ರಕ್ತ ಕೊಡ್ಲಿಲ್ಲ?”

“ನಂದು ಕೊಲೆಸ್ಟ್ರಾಲ್ ನಾರ್ಮಲ್ ಅಂಕಲ್.”

“ನಿನ್ನ ಅಪ್ಪನದ್ದು?”

ಅಪ್ಪ ನಲವತ್ತೊಂದಕ್ಕೆ ಹೃದಯಾಘಾತದಿಂದ ಹೋಗಿದ್ದರು. ನನಗೆ ಆಗ ಮೂವತ್ತೊಂಬತ್ತು. ಅದನ್ನು ಅವರಿಗೆ ಯಾವಾಗ ಹೇಳಿದ್ದೆನೋ, ನೆನಪಿಲ್ಲ... ಆ ಇಡೀ ವರ್ಷ ಅದೊಂದೇ ಲೆಕ್ಕ ನನ್ನೊಳಗೆ ನಡೆಯುತ್ತಿತ್ತು.

ಮುಂದಿನ ವಾರ ನನ್ನ ಡಾಕ್ಟರು ಪರೀಕ್ಷೆ ಬರೆದುಕೊಟ್ಟರು. ಒಳಗಿನ ಆ ಉರಿಯ ನಂಬರು ಬಹಳ ಹೆಚ್ಚಿತ್ತು. ಕಾಗದ ಹಿಡಿದು ಗೋಡೆಯಾಚೆಯ ಮನೆಗೆ ಹೋದೆ. ಅಂಕಲ್ ಕಾಗದ ನೋಡುವ ಮೊದಲು ನನ್ನ ಕೆನ್ನೆ ನೋಡಿದರು. ನನ್ನ ಒಸಡು ಊದಿಕೊಂಡಿತ್ತು, ಬಾಯಲ್ಲಿ ಲವಂಗವಿತ್ತು.

“ಇದನ್ನು ನಂಬಬೇಡ ಮಾರಾಯ. ಇದು ನಿನ್ನ ಹಲ್ಲು ಮಾತಾಡ್ತಾ ಉಂಟು. ಮೊದ್ಲು ಅದನ್ನು ಸರಿ ಮಾಡ್ಸು, ಆಮೇಲೆ ಪುನಃ ನೋಡುವ.”

ಹಲ್ಲು ಸರಿಯಾಗುವವರೆಗೆ ಕಾಯಬೇಕಿತ್ತು. ಆ ನಡುವೆ ಒಂದು ಶನಿವಾರ ಅವರು ನನ್ನನ್ನು ಲ್ಯಾಬಿಗೆ ಕರೆದೊಯ್ದರು. ಫ್ರೀಜರ್ ಬಾಗಿಲು ತೆರೆದಾಗ ಬಿಳಿ ಹಬೆ ಕಾಲಿನ ಮೇಲೆ ಇಳಿಯಿತು. ನೀಲಿ ಬೆಳಕಿತ್ತು ಎನಿಸುತ್ತದೆ. ಆ ಬೆಳಕು ನಾನೇ ಸೇರಿಸಿದ್ದಿರಬಹುದು. ಒಳಗೆ ರಕ್ತ ತುಂಬಿದ, ಕಿರುಬೆರಳಿಗಿಂತ ಸಣ್ಣ ಕೊಳವೆಗಳು, ಸಾಲು ಸಾಲು, ಕೈಗೆ ಎಟುಕದಷ್ಟು ಆಳದವರೆಗೆ.

“ಇದನ್ನು ಕೊಡುವಾಗ ಇವರೆಲ್ಲ ಆರಾಮ ಇದ್ರು,” ಎಂದರು. “ಕೆಲವರಿಗೆ ಎಷ್ಟೋ ವರ್ಷ ಬಿಟ್ಟು ಹಾರ್ಟ್ ಅಟ್ಯಾಕ್ ಆಯ್ತು. ಅವರ ರಕ್ತಕ್ಕೆ ಮೊದ್ಲೇ ಗೊತ್ತಿತ್ತು.” ಬಾಗಿಲು ಮುಚ್ಚುತ್ತಾ ಸೇರಿಸಿದರು. “ಎಲ್ಲರದ್ದಲ್ಲ. ಕೆಲವರ ರಕ್ತ ಎಂತ ಸಹ ಹೇಳ್ಲಿಲ್ಲ.”

ಆ ಜನ ಆ ದಿನ ಮನೆಗೆ ಹೋಗಿ ಊಟ ಮಾಡಿರುತ್ತಾರೆ, ಮಕ್ಕಳ ಹೋಂವರ್ಕ್ ನೋಡಿರುತ್ತಾರೆ. ಅವರಿಗೇ ತಿಳಿಯದ ಸುದ್ದಿ ಇಲ್ಲಿ ತಣ್ಣಗೆ ಕಾಯುತ್ತಿತ್ತು. ದೇವಸ್ಥಾನದಲ್ಲೂ ನಾನು ಅಷ್ಟು ಮೆತ್ತಗೆ ಉಸಿರಾಡಿದ್ದಿಲ್ಲ.

ಎರಡನೇ ಸಲ ನಂಬರು ಇಳಿದಿತ್ತು, ಇಳಿಯಬೇಕಾದಷ್ಟು ಇಳಿದಿರಲಿಲ್ಲ. “ಈಗ ನಂಬು,” ಎಂದರು. ಡಾಕ್ಟರು ಮಾತ್ರೆ ಕೊಟ್ಟರು. ನಡೆಯಲು ಶುರು ಮಾಡಿದೆ, ಸಂಜೆ ಹೊತ್ತು ಅವರೊಂದಿಗೇ. ನಲವತ್ತೊಂದು ದಾಟಿತು. ನನ್ನನ್ನು ಉಳಿಸಿದ್ದು ಮಾತ್ರೆಯೋ, ನಡಿಗೆಯೋ, ನನಗೆ ಏನೂ ಆಗಲಿಕ್ಕೇ ಇರಲಿಲ್ಲವೋ...

2008ರ ಒಂದು ಭಾನುವಾರ ಚರ್ಚಿನಿಂದ ಬರುವಾಗ ಅಂಕಲ್ ಕಾರನ್ನು ಬದಿಗೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ಒರಗಿದರಂತೆ. ಹೃದಯ. ಪಕ್ಕದಲ್ಲಿ ಅವರ ಹೆಂಡತಿ ಇದ್ದರು. ಮಣ್ಣು ಮಾಡಿ ಬಂದ ಮಧ್ಯಾಹ್ನ ಆಂಟಿ ನನ್ನನ್ನು ಅಡುಗೆಮನೆಗೆ ಕರೆದರು.

“ನಿನ್ನ ಹತ್ರ ಆದ್ರೂ ಹೇಳಿದ್ರಾ, ಅವರದ್ದು ನಂಬರು ಎಷ್ಟಿತ್ತು ಅಂತ?”

ಮೂರು ವರ್ಷ ಜೊತೆಯಲ್ಲಿ ನಡೆದಿದ್ದೆವು. ನಾನು ಒಮ್ಮೆಯೂ ಕೇಳಿರಲಿಲ್ಲ.

ಕಳೆದ ವಾರ ಹಲ್ಲಿನ ಡಾಕ್ಟರ ಫಾರಂ ತುಂಬಿದೆ. ಮನೆಯವರಲ್ಲಿ ಯಾರಿಗಾದರೂ ಹೃದಯರೋಗ ಇತ್ತೇ ಎಂಬಲ್ಲಿ ‘ಅಪ್ಪ’ ಎಂದು ಬರೆದೆ. ಅದರ ಕೆಳಗಿನ ಗೆರೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು, ‘ಅಂಕಲ್’ ಎಂದು ಬರೆಯಲಿಲ್ಲ. ಅಷ್ಟೊಂದು ಜನರ ರಕ್ತ ಓದಿದವರು ತಮ್ಮದನ್ನು ಓದಿಕೊಂಡಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.